ಹಾರ್ಡಿಯ ಶಿಲ್ಪಿ ಮತ್ತು ಬಟ್ಟೆ ಒಗೆಯುವ ಏವಿಸ್

ಹೆಣ್ಣಿನಿಂದ ಹೆಣ್ಣಿಗೆ ಹಾರುತ್ತಿದ್ದ ಕಲಾವಿದನೊಬ್ಬ ಕೊನೆಗೊಮ್ಮೆ ನಿಜವಾಗಿ ಪ್ರೀತಿಸತೊಡಗುವುದು ಯುರೋಪಿನ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ವಸ್ತು. ಇಂಥ ಕಥೆಗಳಲ್ಲಿ ನಾಯಕನ ಚಪಲವನ್ನು ಅವನ ಪ್ರತಿಭೆಯ ಖಾತೆಗೆ ಬರೆದು ಕ್ಷಮಿಸಿಬಿಡುವುದು ವಾಡಿಕೆ. ಥಾಮಸ್ ಹಾರ್ಡಿಯ ‘ದಿ ವೆಲ್-ಬಿಲವೆಡ್’ ಕಾದಂಬರಿಯನ್ನೂ ಬಹುಮಟ್ಟಿಗೆ ಹೀಗೆಯೇ ಓದಲಾಗಿದೆ. ಸೌಂದರ್ಯದ ಆದರ್ಶವನ್ನು ಬೆನ್ನಟ್ಟಿ ದಣಿದ ಶಿಲ್ಪಿಯೊಬ್ಬನ ರೂಪಕಕಥೆ ಎಂದು ಅದನ್ನು ಬಣ್ಣಿಸುವುದು ರೂಢಿ. 1912ರ ಆವೃತ್ತಿಯಲ್ಲಿ ತನ್ನ ಕಾದಂಬರಿಗಳನ್ನು ವರ್ಗೀಕರಿಸುವಾಗ ಹಾರ್ಡಿಯೇ ಇದನ್ನು ‘ರೊಮಾನ್ಸ್ ಮತ್ತು ಫ್ಯಾಂಟಸಿ’ಗಳ ಸಾಲಿಗೆ ಸೇರಿಸಿ ಆ ಬಗೆಯ ಓದಿಗೆ ದಾರಿ ಮಾಡಿಕೊಟ್ಟ. ಕೃತಿಯ ಒಳಗಿನ ಸಾಕ್ಷ್ಯ ಮಾತ್ರ ಬೇರೆಯದನ್ನೇ ನುಡಿಯುತ್ತದೆ. ಈ ಶಿಲ್ಪಿಯ ಆದರ್ಶಕ್ಕೆ ತೆತ್ತ ಬೆಲೆಯ ಲೆಕ್ಕವನ್ನು ಹಾರ್ಡಿ ಬಟ್ಟೆ ಒಗೆಯುವ ಹುಡುಗಿಯೊಬ್ಬಳ ಬಾಯಲ್ಲಿ ಇಟ್ಟಿದ್ದಾನೆ. ಆ ಮಾತನ್ನು ವಿಮರ್ಶೆ ಕೇಳಿಸಿಕೊಂಡದ್ದು ಕಡಿಮೆ.

ಕಾದಂಬರಿಗೆ ಎರಡು ಪಠ್ಯಗಳಿವೆ. ಮೊದಲನೆಯದು 1892ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ‘ದಿ ಪರ್ಸೂಟ್ ಆಫ್ ದಿ ವೆಲ್-ಬಿಲವೆಡ್’ ಎಂಬ ಹೆಸರಿನಲ್ಲಿ ಧಾರಾವಾಹಿಯಾಗಿ ಬಂತು. ಎರಡನೆಯದು ಬಹಳವಾಗಿ ತಿದ್ದಿದ ರೂಪ. ಅದು ಪುಸ್ತಕವಾದದ್ದು 1897ರಲ್ಲಿ. ನಡುವೆ 1895ರಲ್ಲಿ ‘ಜೂಡ್ ದಿ ಅಬ್‌ಸ್ಕ್ಯೂರ್’ ಹೊರಬಂದಿತ್ತು. ಹಾಗಾಗಿ ಬರೆದ ಕ್ರಮದಲ್ಲಿ ‘ಜೂಡ್’ ಕೊನೆಯದಾದರೂ ಪುಸ್ತಕರೂಪದಲ್ಲಿ ಪ್ರಕಟವಾದ ಹಾರ್ಡಿಯ ಕೊನೆಯ ಕಾದಂಬರಿ ಇದೇ. ತರಗತಿಗಳಲ್ಲಿ ‘ಟೆಸ್’, ‘ಜೂಡ್’, ‘ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ಗಳಿಗೆ ದೊರೆತ ಗಮನ ಇದಕ್ಕೆ ದೊರೆಯದಿರಲು ಆ ಮೂರರಲ್ಲಿರುವ ದುರಂತದ ಭಾರ ಇಲ್ಲಿ ಇಲ್ಲವೆಂಬ ಭಾವನೆ ಒಂದು ಕಾರಣವಿರಬಹುದು. ಭಾರ ಇದೆ, ಅದು ನಾಯಕನ ಹೆಗಲ ಮೇಲಿಲ್ಲ ಅಷ್ಟೆ.

ಕಥೆ ನಡೆಯುವ ನೆಲ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್. ಹಾರ್ಡಿ ಅದನ್ನು ‘ಐಲ್ ಆಫ್ ಸ್ಲಿಂಗರ್ಸ್’, ಎಂದರೆ ಕವಣೆಗಾರರ ದ್ವೀಪ, ಎಂದು ಕರೆಯುತ್ತಾನೆ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಎದ್ದದ್ದು ಇಲ್ಲಿಂದ ಸಾಗಿಸಿದ ಕಲ್ಲಿನಿಂದ. ಜೋಸೆಲಿನ್ ಪಿಯರ್‌ಸ್ಟನ್‌ನ ತಂದೆ ಈ ಕಲ್ಲಿನ ವ್ಯಾಪಾರಿ. ಮಗನ ಶಿಕ್ಷಣ, ಬಿಡುವು, ಲಂಡನ್ನಿನ ಬದುಕು ಎಲ್ಲವೂ ಕಲ್ಲುಗಣಿಯ ಆದಾಯದಿಂದ ಬಂದವು. ಮಗ ಶಿಲ್ಪಿಯಾದ, ರಾಯಲ್ ಅಕಾಡೆಮಿಯ ಮನ್ನಣೆ ಪಡೆದ. ವೀನಸ್ ದೇವತೆಯ ಮೂರ್ತಿಗಳನ್ನು ಕಡೆದು ಹೆಸರಾದ. ಕಲ್ಲು ತೆಗೆಯುವವರ ಮನೆಗಳು ದ್ವೀಪದಲ್ಲೇ ಉಳಿದವು. ಅಲ್ಲಿ ಕೆಲವೇ ಮನೆತನಗಳು, ಅವುಗಳೊಳಗೇ ಕೊಡುಕೊಳ್ಳುವಿಕೆ. ಒಂದೇ ಮುಖಚಹರೆ ಅಜ್ಜಿಯಿಂದ ಮೊಮ್ಮಗಳವರೆಗೆ ಇಳಿದುಬರುವುದು ಅಲ್ಲಿ ಸಹಜ. ಕಾದಂಬರಿಯ ಇಡೀ ಕಟ್ಟಡ ಈ ಸಂಗತಿಯ ಮೇಲೆ ನಿಂತಿದೆ.

ಪಿಯರ್‌ಸ್ಟನ್ ತನ್ನ ಚಪಲಕ್ಕೆ ಒಂದು ಸಿದ್ಧಾಂತವನ್ನೇ ಕಟ್ಟಿಕೊಂಡಿದ್ದಾನೆ. ಅವನು ಪ್ರೀತಿಸುವುದು ಒಬ್ಬಳನ್ನೇ, ಅವಳು ‘ಪರಮಪ್ರಿಯೆ’. ಆದರೆ ಆ ಚೇತನ ಒಂದು ದೇಹದಲ್ಲಿ ನಿಲ್ಲದೆ ಇನ್ನೊಂದಕ್ಕೆ ವಲಸೆ ಹೋಗುತ್ತದೆ. ಅದು ಹೊರಟುಹೋದ ಮೇಲೆ ಹಿಂದಿನ ಹೆಣ್ಣು ಅವನ ಪಾಲಿಗೆ ಬರಿದಾದ ಗೂಡು. ತಾನು ಎಂದೂ ವಿಶ್ವಾಸದ್ರೋಹ ಮಾಡಿದವನಲ್ಲ, ಓಡಾಡುತ್ತಿರುವವಳು ಅವಳೇ ಎಂದು ವರ್ಣಚಿತ್ರಕಾರ ಗೆಳೆಯ ಸೋಮರ್ಸ್‌ನ ಮುಂದೆ ಅವನು ವಾದಿಸುತ್ತಾನೆ. ಲಂಪಟತನಕ್ಕೆ ಇದಕ್ಕಿಂತ ಸೊಗಸಾದ ಸಮರ್ಥನೆಯನ್ನು ಸಾಹಿತ್ಯದಲ್ಲಿ ಕಾಣುವುದು ಕಷ್ಟ. ಮೃಗೀಯವಾದ ಒಂದು ನಡತೆಯೂ ಅವನಲ್ಲಿಲ್ಲ; ಅವನು ಸಭ್ಯ, ಉದಾರಿ, ಮಾತಿನಲ್ಲಿ ಮೃದು. ಅವನನ್ನು ಕುರಿತು ತೀರ್ಪು ಕೊಡುವುದು ಕಷ್ಟವಾಗುವುದು ಈ ಕಾರಣಕ್ಕೇ. ಹಾರ್ಡಿಯ ವ್ಯಂಗ್ಯ ಭಾಗಗಳ ಶೀರ್ಷಿಕೆಗಳಲ್ಲೇ ಕುಳಿತಿದೆ: ಇಪ್ಪತ್ತರ ತರುಣ, ನಲವತ್ತರ ತರುಣ, ಅರವತ್ತು ತುಂಬಿದ ತರುಣ. ಹೆಂಗಸರಿಗೆ ವಯಸ್ಸಾಗುತ್ತದೆ, ಅವರು ಸಾಯುತ್ತಾರೆ. ಅವನು ತರುಣನಾಗಿಯೇ ಇರುತ್ತಾನೆ.

ಇಪ್ಪತ್ತರಲ್ಲಿ ಅವನು ದ್ವೀಪದ ಬಾಲ್ಯಸಖಿ ಏವಿಸ್ ಕ್ಯಾರೋಳಿಗೆ ಮಾತು ಕೊಡುತ್ತಾನೆ. ಮದುವೆಗೆ ಮುನ್ನವೇ ಕೂಡುವ ಹಳೆಯ ಪದ್ಧತಿಯೊಂದು ಆ ದ್ವೀಪದಲ್ಲಿತ್ತು. ಅವನು ಅದನ್ನು ನಿರೀಕ್ಷಿಸಬಹುದೆಂಬ ಅಳುಕಿನಿಂದ ಏವಿಸ್ ಬೀಳ್ಕೊಡಲು ಬರದೆ ಚೀಟಿ ಕಳುಹಿಸುತ್ತಾಳೆ. ಅಷ್ಟೇ ಸಾಕಾಯಿತು. ಅದೇ ರಾತ್ರಿ ಬಿರುಗಾಳಿಯಲ್ಲಿ ಜೊತೆಯಾದ ಮಾರ್ಷಿಯಾ ಎಂಬ ಗಂಭೀರ ಸುಂದರಿಯ ತೊಯ್ದ ಬಟ್ಟೆಗಳನ್ನು ಛತ್ರದ ಬೆಂಕಿಯ ಮುಂದೆ ಒಣಗಿಸುತ್ತಿರುವಾಗ, ಎದ್ದ ಹಬೆಯ ನಡುವೆ, ಪರಮಪ್ರಿಯೆ ಏವಿಸಳನ್ನು ಬಿಟ್ಟು ಇವಳೊಳಗೆ ಬಂದಳೆಂದು ಅವನಿಗೆ ತೋಚುತ್ತದೆ. ದೈವೀ ಆದರ್ಶವೊಂದು ಒಣಗುತ್ತಿರುವ ಬಟ್ಟೆಯ ಹಬೆಯಲ್ಲಿ ಇಳಿದುಬರುವ ಈ ಸನ್ನಿವೇಶವನ್ನು ಹಾರ್ಡಿ ನಗದೆ ಬರೆದಿದ್ದಾನೆ. ಓದುಗ ನಗಬೇಕೆಂದೇ ಬರೆದಿರಬೇಕು. ಮಾರ್ಷಿಯಾಳ ನಂಟೂ ನಿಲ್ಲುವುದಿಲ್ಲ. ಏವಿಸ್ ಸೋದರಸಂಬಂಧಿಯೊಬ್ಬನನ್ನು ಮದುವೆಯಾಗುತ್ತಾಳೆ.

ನಲವತ್ತರಲ್ಲಿ, ಲಂಡನ್ನಿನ ಔತಣಕೂಟವೊಂದರಲ್ಲಿ ಹೊಸ ಹೆಣ್ಣೊಬ್ಬಳನ್ನು ಪರೀಕ್ಷಿಸುತ್ತ ಕುಳಿತಿರುವಾಗ, ಏವಿಸ್ ಸತ್ತ ಸುದ್ದಿಯ ಕಾಗದ ಅವನ ಕೈಸೇರುತ್ತದೆ. ಬದುಕಿದ್ದಾಗ ಪ್ರೀತಿಸದವಳನ್ನು ಅವನು ಆ ಕ್ಷಣದಿಂದ ಪ್ರೀತಿಸತೊಡಗುತ್ತಾನೆ. ಇಲ್ಲಿಯವರೆಗಿನದು ವಲಸೆ, ಇದೊಂದು ಪ್ರೀತಿ ಎಂದು ಕಾದಂಬರಿ ಸೂಚಿಸುತ್ತದೆ. ಅದನ್ನು ಒಪ್ಪಬಹುದು. ಆದರೆ ಎಂಥ ಪ್ರೀತಿ ಇದು? ಉತ್ತರ ಕೊಡಲಾರದವಳ ಮೇಲಿನ ಪ್ರೀತಿ. ತನ್ನನ್ನು ಏನನ್ನೂ ಕೇಳಲಾರದವಳ ಮೇಲಿನ ಪ್ರೀತಿ. ಸತ್ತವಳು ಕಲ್ಲಿನಷ್ಟೇ ಅನುಕೂಲವಾದ ವಸ್ತು, ಬೇಕಾದ ಹಾಗೆ ಕಡೆಯಬಹುದು.

ಆ ಪ್ರೀತಿಯನ್ನು ಅವನು ಸತ್ತವಳ ಮಗಳ ಮೇಲೆ ಹೊರಿಸುತ್ತಾನೆ. ಆನ್ ಏವಿಸ್ ಊರವರ ಬಟ್ಟೆ ಒಗೆದು ಬದುಕುವವಳು, ತಾಯಿಯಷ್ಟು ಓದಿದವಳಲ್ಲ, ನಯವಿಲ್ಲ. ಪಿಯರ್‌ಸ್ಟನ್‌ಗೆ ಇದೆಲ್ಲ ಕಾಣುತ್ತದೆ. ಆದರೂ ಮುಖ ಅದೇ. ದ್ವೀಪದಲ್ಲಿ ದೊಡ್ಡ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಾನೆ, ಅವಳನ್ನು ಬಟ್ಟೆಯ ನೆಪದಲ್ಲಿ ಬರಮಾಡಿಕೊಳ್ಳುತ್ತಾನೆ, ಕಡೆಗೆ ಲಂಡನ್ನಿನ ತನ್ನ ಮನೆಗೆ ಕೆಲಸದವಳಾಗಿ ಕರೆದೊಯ್ಯುತ್ತಾನೆ. ಈ ಭಾಗದಲ್ಲಿಯೇ ಕಾದಂಬರಿಯ ನಿಜವಾದ ತಿರುವು ಇದೆ. ನಿನಗೆ ಪ್ರಿಯಕರನಿದ್ದಾನೆಯೇ ಎಂಬ ವಿಚಾರ ಬಂದಾಗ ಅವಳು ತನಗಿರುವ ಒಂದು ರೋಗವನ್ನು ಹೇಳಿಕೊಳ್ಳುತ್ತಾಳೆ. ಯಾರನ್ನೋ ಮೆಚ್ಚುತ್ತಾಳೆ, ಹತ್ತಿರದಿಂದ ಕಂಡೊಡನೆ ಆ ಮೋಹ ಅಲ್ಲಿಂದ ಎದ್ದು ಇನ್ನೊಬ್ಬನ ಮೇಲೆ ಕೂರುತ್ತದೆ. ಹೀಗೆ ಹದಿನೈದು ಜನರಾದರು. ಸ್ವಲ್ಪ ಕಾಲ ಆ ಪಟ್ಟಿಯಲ್ಲಿ ಶಿಲ್ಪಿಯೂ ಇದ್ದ.

ಶಿಲ್ಪಿಗೆ ಇದು ಕನ್ನಡಿ, ತಕ್ಕ ಶಾಸ್ತಿ ಎಂದು ವ್ಯಾಖ್ಯಾನಕಾರರು ಹೇಳುವುದುಂಟು. ಅಷ್ಟಕ್ಕೆ ನಿಲ್ಲಿಸಿದರೆ ಆನ್ ಏವಿಸ್ ಮತ್ತೆ ಅವನ ಶಿಕ್ಷಣದ ಸಾಮಗ್ರಿಯಷ್ಟೇ ಆಗಿಬಿಡುತ್ತಾಳೆ. ಅವಳ ಮಾತಿನ ತೂಕ ಬೇರೆ ಕಡೆ ಇದೆ. ಒಂದೇ ಮನೋಧರ್ಮ ಇಬ್ಬರಲ್ಲಿದೆ. ಗಣಿ ಮಾಲೀಕನ ಮಗನಲ್ಲಿ ಅದು ಅಮೃತಶಿಲೆಯಾಗಿ, ಅಕಾಡೆಮಿಯ ಸದಸ್ಯತ್ವವಾಗಿ, ಪ್ಲೇಟೋ ಮತ್ತು ಶೆಲ್ಲಿಯರ ಹೆಸರು ಹೇಳಿಕೊಳ್ಳಬಲ್ಲ ತತ್ತ್ವವಾಗಿ ಬೆಳೆಯುತ್ತದೆ. ಅಗಸಗಿತ್ತಿಯಲ್ಲಿ ಅದಕ್ಕೆ ಹೆಸರೂ ಇಲ್ಲ. ಅವಳು ಅದನ್ನು ದೋಷವೆಂದು ನಾಚಿಕೆಯಿಂದ ಹೇಳುತ್ತಾಳೆ. ಹದಿನೈದು ಮೋಹಗಳಿಂದ ಅವಳಿಗೆ ಒಂದು ಮೂರ್ತಿಯೂ ದಕ್ಕಲಿಲ್ಲ. ದಕ್ಕಿದ್ದು ಗುಟ್ಟಾದ ಒಂದು ಮದುವೆ, ಜಗಳವಾಡಿ ಗರ್ನ್‌ಸಿ ದ್ವೀಪಕ್ಕೆ ಹೊರಟುಹೋದ ಗಂಡ, ಒಡಲಲ್ಲಿ ಒಂದು ಮಗು. ಕಲಾವಿದನ ಚಪಲ ಕಲೆಯ ಮೂಲ ಎಂಬ ನಂಬಿಕೆಯನ್ನು ಹಾರ್ಡಿ ಇಲ್ಲಿ ಸದ್ದಿಲ್ಲದೆ ಬುಡಮೇಲು ಮಾಡಿದ್ದಾನೆ. ಚಪಲ ಎಲ್ಲರಲ್ಲೂ ಇರಬಹುದು. ಅದನ್ನು ಕಲೆಯೆಂದು ಕರೆಸಿಕೊಳ್ಳಲು ಬಿಡುವು ಬೇಕು, ಕಲ್ಲು ಬೇಕು, ಗಂಡಾಗಿರಬೇಕು.

ಪಿಯರ್‌ಸ್ಟನ್ ಆ ದಂಪತಿಗಳನ್ನು ಮತ್ತೆ ಕೂಡಿಸುತ್ತಾನೆ. ಇದು ಅವನ ಸಜ್ಜನಿಕೆ. ಅರವತ್ತರಲ್ಲಿ ಅವರ ಮಗಳನ್ನೇ, ಮೂರನೆಯ ಏವಿಸಳನ್ನೇ, ಮದುವೆಯಾಗಲು ಹೊರಡುವುದೂ ಅದೇ ಸಜ್ಜನಿಕೆಯ ಮುಂದುವರಿಕೆ ಎಂದು ಅವನು ನಂಬುತ್ತಾನೆ. ವಿಧವೆಯಾದ ತಾಯಿ ಮಗಳ ಭವಿಷ್ಯಕ್ಕಾಗಿ ಒಪ್ಪುತ್ತಾಳೆ, ಒತ್ತಾಯಿಸುತ್ತಾಳೆ. ಓದಿದ ಹುಡುಗಿ ಮದುವೆಯ ಹಿಂದಿನ ರಾತ್ರಿ ತಾನು ಮೆಚ್ಚಿದ ತರುಣನೊಡನೆ ಹೊರಟುಹೋಗುತ್ತಾಳೆ. ಆ ಆಘಾತದಲ್ಲಿ ಕಾಯಿಲೆಯ ತಾಯಿ ಸಾಯುತ್ತಾಳೆ. ಆ ತರುಣ ಮಾರ್ಷಿಯಾಳ ಮಲಮಗ ಎಂಬುದು ಹಾರ್ಡಿಗೆ ಪ್ರಿಯವಾದ ಕಾಕತಾಳೀಯ. ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಭವಾವಳಿಯ ಕಥನವನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇಲ್ಲಿ ಪಂಪನ ‘ಆದಿಪುರಾಣ’ ನೆನಪಾಗುವುದು ಸಹಜ. ಲಲಿತಾಂಗದೇವನಿಗೂ ಅನೇಕ ದೇವಿಯರ ನಂತರ ದೊರೆತವಳು ಸ್ವಯಂಪ್ರಭೆ. ಅವನು ವಜ್ರಜಂಘನಾಗಿ, ಅವಳು ಶ್ರೀಮತಿಯಾಗಿ ಹುಟ್ಟಿದಾಗ ಅವರನ್ನು ಕೂಡಿಸುವುದೂ ಒಂದು ಕಲೆಯೇ, ಚಿತ್ರಪಟ. ವ್ಯತ್ಯಾಸ ಒಂದಿದೆ, ಅದು ದೊಡ್ಡದು. ಆ ಚಿತ್ರವನ್ನು ಬರೆದವಳು ಶ್ರೀಮತಿ. ನೆನಪು ಅವಳದು, ಗುರುತಿಸುವಿಕೆ ಇಬ್ಬರದು. ಪಿಯರ್‌ಸ್ಟನ್‌ನ ಭವಾವಳಿಯಲ್ಲಿ ನೆನಪು ಗಂಡಸಿನ ಸ್ವತ್ತು. ತಾನು ಇನ್ನೊಬ್ಬಳ ಪುನರವತಾರ ಎಂಬುದು ಎರಡನೆಯ ಏವಿಸಳಿಗಾಗಲಿ ಮೂರನೆಯವಳಿಗಾಗಲಿ ತಾನಾಗಿ ತಿಳಿದ ಸಂಗತಿಯಲ್ಲ.

ಅಂತ್ಯದ ಪ್ರಶ್ನೆ ಸಂಶೋಧಕರಿಗೆ ಮುಖ್ಯ. 1892ರ ಪಠ್ಯದಲ್ಲಿ ನಾಯಕ ಮಾರ್ಷಿಯಾಳನ್ನು ಮೊದಲೇ ಮದುವೆಯಾಗಿ ಅಗಲಿರುತ್ತಾನೆ, ಮೂರನೆಯ ಏವಿಸಳನ್ನೂ ಮದುವೆಯಾಗುತ್ತಾನೆ. ಅವಳ ಮನಸ್ಸು ಬೇರೆಡೆ ಇದೆಯೆಂದು ತಿಳಿದು ದೋಣಿಯಲ್ಲಿ ಸಾಯಲು ಹೊರಟು ಬದುಕಿ ಉಳಿಯುತ್ತಾನೆ. ಮುದುಕಿಯಾದ ಮಾರ್ಷಿಯಾಳನ್ನು ಕಂಡು ಹುಚ್ಚನಂತೆ ನಗುವಲ್ಲಿ ಕಥೆ ಮುಗಿಯುತ್ತದೆ. ಆ ನಗೆಯಲ್ಲಿ ಎಲ್ಲವೂ ಮತ್ತೆ ನಾಯಕನ ದುರಂತವೇ. 1897ರ ಪಠ್ಯದಲ್ಲಿ ಈ ಮದುವೆಗಳಿಲ್ಲ, ದೋಣಿಯಿಲ್ಲ, ನಗೆಯೂ ಇಲ್ಲ. ಜ್ವರದಿಂದ ಎದ್ದ ಪಿಯರ್‌ಸ್ಟನ್ ಸೌಂದರ್ಯಪ್ರಜ್ಞೆಯನ್ನೇ ಕಳೆದುಕೊಂಡಿದ್ದಾನೆ. ತನ್ನ ಮೂರ್ತಿಗಳು ಅವನಿಗೆ ಏನನ್ನೂ ಹೇಳುವುದಿಲ್ಲ. ತನ್ನನ್ನು ಶುಶ್ರೂಷೆ ಮಾಡಿದ ಮಾರ್ಷಿಯಾ ಬಣ್ಣ ಲೇಪಗಳನ್ನೆಲ್ಲ ತೆಗೆದು ಬೆಳಕಿನಲ್ಲಿ ಮುಖ ತೋರಿಸಿದಾಗ ಅವನು ನಡುಗುವುದಿಲ್ಲ. ಸಂಧಿವಾತದಿಂದ ನಡೆಯಲಾರದ ಅವಳನ್ನು ಗಾಲಿಕುರ್ಚಿಯಲ್ಲಿ ಚರ್ಚಿಗೆ ಕರೆತಂದು ಮದುವೆ ನಡೆಯುತ್ತದೆ. ಆಮೇಲೆ ಅವನು ಊರಿನ ಹಳೆಯ ಒರತೆಗಳನ್ನು ಮುಚ್ಚಿಸಿ ಕೊಳವೆ ನೀರು ತರಿಸುವ, ಪಾಚಿಗಟ್ಟಿದ ಹಳೆಯ ಮನೆಗಳನ್ನು ಕೆಡವಿಸಿ ಗಾಳಿಯಾಡುವ ಮನೆಗಳನ್ನು ಕಟ್ಟಿಸುವ ಕೆಲಸದಲ್ಲಿ ತೊಡಗುತ್ತಾನೆ.

ಈ ಕೊನೆಯ ಪುಟವನ್ನು ಪ್ರತಿಭೆಯ ಸಾವು ಎಂದು ಮರುಗುವುದು ಸುಲಭ. ವಾಸ್ತುಶಿಲ್ಪಿಯಾಗಿ ತರಬೇತಾದ, ಹಳೆಯ ಕಟ್ಟಡಗಳ ಉಳಿವಿಗಾಗಿ ವಾದಿಸಿದ ಹಾರ್ಡಿಗೆ ಆ ಮನೆಗಳ ಅಳಿವು ನೋವೇ ಇರಬೇಕು. ಆದರೆ ಒರತೆಗಳು ಮಲಿನವಾಗಿದ್ದವು, ಮನೆಗಳು ತೇವದಿಂದ ಕೂಡಿದ್ದವು ಎಂದು ಬರೆದವನೂ ಅವನೇ. ನಲವತ್ತು ವರ್ಷ ಪಿಯರ್‌ಸ್ಟನ್ ಆ ಮನೆಗಳ ಕಿಟಕಿಯಲ್ಲಿ ಒಂದು ಮುಖವನ್ನು ಹುಡುಕಿದ. ಒಳಗಿನ ತೇವ ಅವನಿಗೆ ಕಾಣಲಿಲ್ಲ. ಅದು ಕಾಣಲು ಅವನ ಕಣ್ಣಿನ ಶಿಲ್ಪಿ ಸಾಯಬೇಕಾಯಿತು. ಇದನ್ನು ಬರಿಯ ಸೋಲೆಂದು ಕರೆಯುವವರು ಆ ಮನೆಗಳಲ್ಲಿ ಯಾರಿದ್ದರೆಂಬುದನ್ನು ಶಿಲ್ಪಿಯಂತೆಯೇ ಮರೆತಿದ್ದಾರೆ.

ಹಾರ್ಡಿಯ ಸ್ವಂತ ಬಾಳಿನಲ್ಲಿ ಈ ಕಥೆಯ ಒಂದು ಭಾಗ ತಡವಾಗಿ ನಡೆಯಿತು. 1912ರ ನವೆಂಬರಿನಲ್ಲಿ ಹೆಂಡತಿ ಎಮ್ಮಾ ತೀರಿಕೊಂಡಳು. ಒಂದೇ ಮನೆಯಲ್ಲಿದ್ದೂ ವರ್ಷಗಳಿಂದ ದೂರವಾಗಿದ್ದವಳನ್ನು ಕುರಿತು ಅವನು ಆಮೇಲೆ ಬರೆದ ಕವಿತೆಗಳು ಇಂಗ್ಲಿಷಿನ ಶ್ರೇಷ್ಠ ಪ್ರೇಮಕವಿತೆಗಳ ಸಾಲಿಗೆ ಸೇರಿದವು. ಪಿಯರ್‌ಸ್ಟನ್ ಔತಣಕೂಟದಲ್ಲಿ ಕಾಗದ ಒಡೆದು ಓದಿದ ಪ್ರಸಂಗವನ್ನು ಹಾರ್ಡಿ ಬರೆದು ಆಗಲೇ ಇಪ್ಪತ್ತು ವರ್ಷಗಳಾಗಿದ್ದವು. ಆ ಕವಿತೆಗಳನ್ನು ಪಾಠ ಹೇಳುವಾಗ ಈ ಕಾದಂಬರಿಯನ್ನು ಜೊತೆಗಿಟ್ಟುಕೊಂಡರೆ ಅವುಗಳ ಸೌಂದರ್ಯ ಕುಂದುವುದಿಲ್ಲ. ಎಮ್ಮಾ ಬದುಕಿದ್ದಾಗಿನ ಮೌನವೂ ಕೇಳಿಸುತ್ತದೆ.

ಏವಿಸಳ ಮನೆಗೆ ಮಾದರಿಯೆಂದು ಗುರುತಿಸಲಾದ ಹುಲ್ಲುಮಾಡಿನ ಮನೆ ಪೋರ್ಟ್‌ಲ್ಯಾಂಡಿನಲ್ಲಿ ಇಂದಿಗೂ ನಿಂತಿದೆ. ಸಂತಾನ ನಿಯಂತ್ರಣದ ಹೋರಾಟಗಾರ್ತಿ ಮೇರಿ ಸ್ಟೋಪ್ಸ್ 1930ರಲ್ಲಿ ಸ್ಥಾಪಿಸಿದ ದ್ವೀಪದ ವಸ್ತುಸಂಗ್ರಹಾಲಯ ಈಗ ಅದರಲ್ಲಿದೆ.