ಮೂಳೆಗೆ ಹೆಸರು ಮರಳಿದ ಬಗೆ

ಶ್ರೀರಾಂಪುರ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಬಡಾವಣೆಗಳ ಬಾಡಿಗೆ ಪುಸ್ತಕದಂಗಡಿಗಳಲ್ಲಿ ಒಂದು ಕಾಲಕ್ಕೆ ಪತ್ತೇದಾರಿ ಕಾದಂಬರಿಗಳಿಗೆ ಬಲು ಬೇಡಿಕೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಲ್ಲ ಅಜ್ಜಂದಿರು ಇಂದಿಗೂ ಇದ್ದಾರೆ. ಗುರುತು ಸಿಗದ ಹೆಣ, ಹೆಸರು ಮರೆಸಿಕೊಂಡ ಆಗಂತುಕ, ಕೊನೆಯ ಅಧ್ಯಾಯದಲ್ಲಿ ಎಲ್ಲವೂ ಬಯಲು! ಇಂಥ ಕಥೆಗಳ ಧಾಟಿಯೇ ಹಾಗೆ. ಆದರೆ ನಿಜ ಜೀವನದಲ್ಲಿ ಕಳೆದುಹೋದ ಗುರುತು ಅಷ್ಟು ಸುಲಭವಾಗಿ ಮರಳುವುದಿಲ್ಲ. ಬೆಂಗಳೂರಿನಲ್ಲೇ ನಡೆದ ಒಂದು ಪ್ರಕರಣ ಇದಕ್ಕೆ ಸಾಕ್ಷಿ.

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ ಖಲೀಲಿ. 1991ರ ಮೇ ತಿಂಗಳ ಕೊನೆಯಲ್ಲಿ ಆಕೆ ಕಾಣೆಯಾದರು. ಎಲ್ಲಿ ಎಂದು ಕೇಳಿದವರಿಗೆ ಆಕೆಯ ಎರಡನೆಯ ಪತಿ ಒಮ್ಮೆ ಒಂದು ಊರಿನ ಹೆಸರು ಹೇಳಿದರೆ ಇನ್ನೊಮ್ಮೆ ಮತ್ತೊಂದನ್ನು ಹೇಳುತ್ತಿದ್ದ. ಮಗಳಿಗೆ ಸಮಾಧಾನವಾಗಲಿಲ್ಲ. 1992ರಲ್ಲಿ ಆಕೆ ಪೊಲೀಸರಿಗೆ ದೂರು ಕೊಟ್ಟರು. ಉತ್ತರ ಸಿಗದಿದ್ದರೂ ಪಟ್ಟು ಬಿಡಲಿಲ್ಲ. ಕೊನೆಗೆ 1994ರ ಮಾರ್ಚ್‌ನಲ್ಲಿ ರಿಚ್ಮಂಡ್ ರಸ್ತೆಯ ಮನೆಯಂಗಳವನ್ನು ಅಗೆದಾಗ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗೆ ಅಸ್ಥಿಪಂಜರವಿತ್ತು.

ಪತ್ತೇದಾರಿ ಕಾದಂಬರಿ ಇಲ್ಲಿಗೆ ಮುಗಿಯುತ್ತಿತ್ತು. ವಿಜ್ಞಾನದ ಕೆಲಸ ಶುರುವಾಗುವುದೇ ಇಲ್ಲಿಂದ. ಮೂಳೆಗೆ ಮುಖವಿಲ್ಲ, ಹೆಸರೂ ಇಲ್ಲ. ಅದು ಯಾರದೆಂದು ಖಚಿತವಾಗದಿದ್ದರೆ ನ್ಯಾಯಾಲಯದಲ್ಲಿ ಕೊಲೆಯ ಆರೋಪವೇ ಸಡಿಲವಾಗುತ್ತದೆ.

ಮೊದಲನೆಯ ವಿಧಾನ ತಲೆಬುರುಡೆಯ ಹೊಂದಾಣಿಕೆ. ವ್ಯಕ್ತಿಯ ಹಳೆಯ ಭಾವಚಿತ್ರವನ್ನು ಬುರುಡೆಯ ಚಿತ್ರದ ಮೇಲೆ ಅದೇ ಅಳತೆಯಲ್ಲಿ, ಅದೇ ಕೋನದಲ್ಲಿ ಇರಿಸುತ್ತಾರೆ. ಕಣ್ಣಿನ ಕುಳಿ, ಮೂಗಿನ ಬುಡ, ಹಲ್ಲಿನ ಸಾಲು, ಗಲ್ಲದ ಅಂಚು ಕೂಡಿಬರುತ್ತವೆಯೇ ಎಂದು ನೋಡುತ್ತಾರೆ. 1935ರಲ್ಲಿ ಬ್ರಿಟನ್ನಿನ ರಕ್ಸ್‌ಟನ್ ಪ್ರಕರಣದಿಂದ ಈ ವಿಧಾನ ಹೆಸರಾಯಿತು. ಆದರೆ ಇದಕ್ಕೊಂದು ಮಿತಿಯಿದೆ. ಹೊಂದದಿದ್ದರೆ ‘ಇವರಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಹೊಂದಿದರೆ ‘ಇವರಿರಬಹುದು’ ಎಂದಷ್ಟೇ ಹೇಳಬಹುದು.

ಎರಡನೆಯದು ಡಿಎನ್‌ಎ ಪರೀಕ್ಷೆ. ಪ್ರತಿಯೊಬ್ಬರ ಡಿಎನ್‌ಎಯಲ್ಲಿ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರುತ್ತದೆ. ಮಾಂಸ ಕರಗಿಹೋದರೂ ಗಟ್ಟಿ ಮೂಳೆ, ಹಲ್ಲುಗಳ ಒಳಗೆ ಅದು ವರ್ಷಗಟ್ಟಲೆ ಉಳಿಯಬಲ್ಲದು. ಅದನ್ನು ಹೊರತೆಗೆದು ಹತ್ತಿರದ ರಕ್ತಸಂಬಂಧಿಗಳ ರಕ್ತದೊಡನೆ ಹೋಲಿಸುತ್ತಾರೆ. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚಿನ ತಂತ್ರವನ್ನು ಕಂಡುಹಿಡಿದರು. 1988ರ ಸುಮಾರಿಗೆ ಹೈದರಾಬಾದಿನ ಲಾಲ್‌ಜಿ ಸಿಂಗ್ ನಮ್ಮ ದೇಶದಲ್ಲೇ ಇದಕ್ಕೊಂದು ವಿಧಾನ ರೂಪಿಸಿದರು. ಅಂದರೆ ರಿಚ್ಮಂಡ್ ರಸ್ತೆಯ ನೆಲ ಅಗೆಯುವ ಹೊತ್ತಿಗೆ ಭಾರತದಲ್ಲಿ ಈ ವಿದ್ಯೆ ಇನ್ನೂ ಎಳೆಯದು.

ಈ ಪ್ರಕರಣದಲ್ಲಿ ಎರಡೂ ಪರೀಕ್ಷೆಗಳು ನಡೆದವು. ಪೆಟ್ಟಿಗೆಯಲ್ಲಿ ಸಿಕ್ಕ ಆಭರಣಗಳನ್ನು ಮನೆಯವರು ಗುರುತಿಸಿದರು. ಒಂದಕ್ಕೊಂದು ಸಂಬಂಧವಿಲ್ಲದ ಸಾಕ್ಷ್ಯಗಳೆಲ್ಲ ಒಂದೇ ಹೆಸರನ್ನು ಹೇಳಿದವು. 2005ರಲ್ಲಿ ಪತಿಗೆ ಮರಣದಂಡನೆಯಾಯಿತು. 2008ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವನಪೂರ್ತಿ ಬಿಡುಗಡೆಯಿಲ್ಲದ ಸೆರೆವಾಸಕ್ಕೆ ಬದಲಾಯಿಸಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು ಇದು: ಯಾವ ಪರೀಕ್ಷೆಯೂ ಒಂಟಿಯಾಗಿ ಎಲ್ಲವನ್ನೂ ಹೇಳುವುದಿಲ್ಲ. ಒಂದರ ಮಿತಿಯನ್ನು ಇನ್ನೊಂದು ತುಂಬಬೇಕು. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ನಂಬದೆ ಮತ್ತೆ ಮತ್ತೆ ಅಳೆಯುವುದೂ ಇದಕ್ಕಾಗಿಯೇ.

ತಂದೆತಾಯಂದಿರಿಗೂ ಒಂದು ಸೂಚನೆ. ಮನೆಮಂದಿಯ ಸ್ಪಷ್ಟವಾದ, ನಗುವಾಗ ಹಲ್ಲು ಕಾಣುವ ಭಾವಚಿತ್ರವೊಂದನ್ನು ಜೋಪಾನವಾಗಿಡಿ; ದಂತವೈದ್ಯರು ತೆಗೆಸಿದ ಎಕ್ಸ್‌ರೇಗಳನ್ನು ಎಸೆಯಬೇಡಿ. ಮನೆಯವರು ಯಾರಾದರೂ ಕಾಣದಿದ್ದರೆ ‘ನಾಳೆ ಬಂದಾರು’ ಎಂದು ದಿನ ತಳ್ಳದೆ ಠಾಣೆಗೆ ದೂರು ಕೊಡಿ. ಖಲೀಲಿ ಪ್ರಕರಣದಲ್ಲಿ ಎಲ್ಲ ಪರೀಕ್ಷೆಗಳಿಗೂ ಮೊದಲು ಇದ್ದದ್ದು ಮಗಳೊಬ್ಬಳ ದೂರು.