ಮಳೆಗೆ ಮೊದಲು ಪರವಾನಿಗೆ ಕೊಡಿ

ಮಗನಿಗೆ ಮದುವೆ ಆಯಿತು, ಮನೆಗೆ ಇನ್ನೊಂದು ಕೋಣೆ ಬೇಕು. ಮಂಗಳೂರಿನಲ್ಲಿ ಅಷ್ಟಕ್ಕೂ ಮಹಾನಗರ ಪಾಲಿಕೆಯ ಪರವಾನಿಗೆ ಬೇಕು. ಪೇಟೆಯ ಮಾತು ನಮಗೇಕೆ ಅನ್ನಬೇಡಿ, ನಮ್ಮೂರ ಎಷ್ಟೋ ಮಕ್ಕಳ ಮನೆ ಅಲ್ಲೇ ಇದೆ.

ಪರವಾನಿಗೆ ಬೇಕೇ ಬೇಕು ಎನ್ನುವವರು ನಾವು. 2018ರ ಮೇ 29ರ ಮಳೆಗೆ ನಗರದ ಎಷ್ಟೋ ಕಡೆ ನೀರು ನುಗ್ಗಿತ್ತು. ತೋಡಿನ ಮೇಲೆ ಗೋಡೆ ಎದ್ದರೆ ನೀರು ಪಕ್ಕದ ಮನೆಗೇ ಹೋಗುವುದು.

ನಮ್ಮ ತಕರಾರು ಅಲೆದಾಟದ ಬಗ್ಗೆ. ಒಂದು ದಿನ ಖಾತೆ ಸರಿ ಇಲ್ಲ, ಇನ್ನೊಂದು ದಿನ ನಕ್ಷೆ ಸರಿ ಇಲ್ಲ ಎಂದರೆ ಹೇಗೆ? ಎಲ್ಲ ಕೊರತೆಯನ್ನೂ ಮೊದಲೇ ಒಂದೇ ಚೀಟಿಯಲ್ಲಿ ಬರೆದು ಕೊಡಲಿ. ಜೂನ್ ಬಂದರೆ ಕರಾವಳಿಯಲ್ಲಿ ಕೆಂಪುಕಲ್ಲಿನ ಕೆಲಸ ನಿಂತಂತೆ. ಏಪ್ರಿಲಿನಲ್ಲಿ ಒಂದು ತಿಂಗಳು ತಡವಾದರೆ ಮನೆಯವರಿಗೆ ಇಡೀ ಮಳೆಗಾಲ ನಷ್ಟ.

ಬೇಸತ್ತ ಜನ ಒಂದೋ ಬ್ರೋಕರ್ ಹಿಡಿಯುತ್ತಾರೆ, ಇಲ್ಲವೇ ಹಾಗೆಯೇ ಕಟ್ಟುತ್ತಾರೆ. ಹಾಗೆ ಕಟ್ಟುವುದು ಅಪಾಯ. ಅನಧಿಕೃತ ಕಟ್ಟಡಕ್ಕೆ ಎರಡು ಪಟ್ಟು ತೆರಿಗೆ ಬೀಳಬಹುದು, ತೆರಿಗೆ ತೆತ್ತ ಮಾತ್ರಕ್ಕೆ ಅದು ಸಕ್ರಮ ಆಗುವುದಿಲ್ಲ. ಪೂರ್ಣತಾ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ.

ಆದ್ದರಿಂದ ಅರ್ಜಿ ಕೊಟ್ಟ ದಿನವೇ ಸಕಾಲ ಸಂಖ್ಯೆ ಇರುವ ರಶೀದಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಲ್ಲಿ ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ತಡ ಮಾಡಿದವರ ಹೆಸರು ದಾಖಲೆಗೆ ಬರುತ್ತದೆ.

ಪಾಲಿಕೆಗೆ ನಮ್ಮದು ಒಂದೇ ಮಾತು: ಆಗುತ್ತದೋ ಇಲ್ಲವೋ, ಕಾರಣ ಸಹಿತ ಬರೆದು ಕೊಡಿ, ಮಳೆ ಬರುವ ಮೊದಲು.