ಔಟ್‌ಪುಟ್ ಬಂದರೆ ಮುಗಿಯಿತೇ?

ಲ್ಯಾಬಿನಲ್ಲಿ ನಮ್ಮೆಲ್ಲರ ಲೆಕ್ಕ ಒಂದೇ: ಔಟ್‌ಪುಟ್ ಬಂತು, ಕೆಲಸ ಮುಗಿಯಿತು. ಈ ಲೆಕ್ಕ ತಪ್ಪು ಎಂದು ನನಗೆ ಪೆಟ್ಟು ತಿಂದ ಮೇಲೆ ತಿಳಿಯಿತು.

ಲ್ಯಾಬಿನ 20 ಕಂಪ್ಯೂಟರ್‌ಗಳು ಆನ್ ಆಗಿವೆಯೇ ಎಂದು ನೋಡಲು ಲಿನಕ್ಸ್‌ನಲ್ಲಿ ಒಂದು ಪೈಥಾನ್ ಪ್ರೋಗ್ರಾಂ ಬರೆದಿದ್ದೆ. ಅದು ನಿಮಿಷಕ್ಕೊಮ್ಮೆ 20 ‘ಪಿಂಗ್’ಗಳನ್ನು ಶುರುಮಾಡಿ, ಎಲ್ಲವನ್ನೂ ಒಂದು ಲಿಸ್ಟ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಉತ್ತರವೇನೋ ಸರಿಯಾಗಿಯೇ ಬರುತ್ತಿತ್ತು. ಮಧ್ಯಾಹ್ನ ಸರ್ ‘ಪಿಎಸ್’ ಕಮಾಂಡ್ ಕೊಟ್ಟರೆ ಸಾವಿರಾರು ಸಾಲುಗಳು. ಎಲ್ಲದರಲ್ಲೂ ‘ಝಡ್’ ಗುರುತು. ಅಂದರೆ ಝಾಂಬಿ.

ಮುಗಿದ ಪ್ರೋಗ್ರಾಂ ಮೆಮೊರಿಯನ್ನು ಬಿಟ್ಟುಕೊಡುತ್ತದೆ. ಆದರೆ ಅದು ಹೇಗೆ ಮುಗಿಯಿತು ಎಂಬ ವರದಿಯನ್ನು ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೋಗ್ರಾಂ ‘ವೇಟ್’ ಎಂದು ಕರೆದು ಪಡೆಯುವವರೆಗೆ ಪ್ರೋಸೆಸ್ ಟೇಬಲ್‌ನಲ್ಲಿ ಅದರ ಸಾಲು ಉಳಿಯುತ್ತದೆ. ‘ಕಿಲ್ -9’ ಕೊಟ್ಟರೂ ಹೋಗದು. ಸತ್ತದ್ದನ್ನು ಮತ್ತೆ ಸಾಯಿಸುವುದೆಂತು? ನನ್ನ ಪ್ರೋಗ್ರಾಂ ನಿಲ್ಲಿಸಿದ ಕೂಡಲೇ, 1ನೇ ನಂಬರಿನ ಪ್ರೋಸೆಸ್ ಅವನ್ನೆಲ್ಲ ವಹಿಸಿಕೊಂಡು ತೆರವು ಮಾಡಿತು. ಹಾಗೇ ಬಿಟ್ಟಿದ್ದರೆ ಟೇಬಲ್ ತುಂಬಿ, ಮುಂದಿನ ಬ್ಯಾಚಿನವರಿಗೆ ಹೊಸ ಪ್ರೋಗ್ರಾಂ ತೆರೆಯಲೂ ಆಗುತ್ತಿರಲಿಲ್ಲ.

ಇದು ಕಂಪ್ಯೂಟರಿನ ದೋಷವಲ್ಲ, ನನ್ನ ಅಭ್ಯಾಸದ ದೋಷ. ಹಾಗಾಗಿ ಗುರುಗಳಲ್ಲಿ ನನ್ನದೊಂದು ವಿನಂತಿ: ಪ್ರಾಕ್ಟಿಕಲ್‌ನಲ್ಲಿ ಔಟ್‌ಪುಟ್‌ಗೆ ಅಂಕ ಕೊಡುವಾಗ, ಶುರುಮಾಡಿದ್ದನ್ನು ಸರಿಯಾಗಿ ಮುಗಿಸಿದ್ದಕ್ಕೂ ಒಂದು ಅಂಕ ಇರಲಿ. ಗೆಳೆಯರೇ, ಒಂದೊಂದಾಗಿ ಓಡಿಸಿದರೆ ಸಾಕಾಗುವಲ್ಲಿ ಪೈಥಾನಿನ ‘ಸಬ್‌ಪ್ರೋಸೆಸ್ ರನ್’ ಬಳಸಿ. ಅದು ತಾನೇ ಕಾದು ವರದಿ ಪಡೆಯುತ್ತದೆ. ಒಟ್ಟಿಗೆ ಹಲವನ್ನು ಓಡಿಸಲೇಬೇಕಾದರೆ, ಕೊನೆಗೆ ಪ್ರತಿಯೊಂದಕ್ಕೂ ‘ವೇಟ್’ ಬರೆಯಲು ಮರೆಯಬೇಡಿ. ಲ್ಯಾಬ್ ನಮ್ಮೊಬ್ಬರದಲ್ಲ, ನಾವು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ.